ಊರೂರಿಗೂ ಮೇಷ್ಟ್ರು

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಪಾಂಡವಪುರದ ನಮ್ಮ ಬೀದಿಯಲ್ಲಿ ಅವರು ಹಾರ್ಮೋನಿಯಂ ಮೇಷ್ಟ್ರು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಡ್ರಾಮಾ ಮೇಷ್ಟ್ರು. ಹೆಂಡತಿ ಜಯಮ್ಮನ ಬಾಯಲ್ಲಿ ‘ನಮ್ಮೋರು’. ಈ ಸಲದ ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೆ ಅವರು ತೀರಿಕೊಂಡಾಗ ಯಾರೋ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ಮೊದಲ ಸಲ ಅವರ ಪೂರ್ತಿ ಹೆಸರು ಓದಿದೆ. ಯಾರೋ ಬೇರೆಯವರ ಹೆಸರು ಅನ್ನಿಸಿತು. ಇಲ್ಲೂ ಅವರು ಮೇಷ್ಟ್ರಾಗಿಯೇ ಇರಲಿ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಇಲ್ಲಿನ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದು ಆ ಬಾಡಿಗೆ ಮನೆ ಹಿಡಿದಿದ್ದೆ. ಮೊದಲ ಬೆಳಿಗ್ಗೆ ಗೋಡೆಯಾಚೆಯಿಂದ ಹಾರ್ಮೋನಿಯಂನ ಒಂದೇ ಸ್ವರ ಕೇಳಿಸಿತು. ನಾನು ಹಾಲು ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟರೂ ಅದೇ ಸ್ವರ. ನಡುವೆ ಹೆಂಗಸಿನ ದನಿ: “ಆಯ್ತಾ? ವಸಿ ನೀರ್ ಹಿಡ್ಕಬನ್ನಿ, ನಲ್ಲಿ ನಿಂತೋಯ್ತದೆ.” ಸ್ವರ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಕೊಡ ಹಿಡಿದು ಹೊರಗೆ ಬಂದದ್ದು ಆ ಹೆಂಗಸೇ. ಕೆಲಸಕ್ಕೆ ಸೇರಿಕೊಳ್ಳಲು ಶಾಲೆಗೆ ಹೋದರೆ ಬಿಸಿಯೂಟದ ಅಡುಗೆಮನೆಯಲ್ಲಿ ಅದೇ ಹೆಂಗಸು ಅಕ್ಕಿ ಆರಿಸುತ್ತಾ ಕೂತಿದ್ದರು. ಹೀಗೆ ಮೇಷ್ಟ್ರ ಸಂಸಾರ ನನಗೆ ಎರಡು ಕಡೆಯಿಂದಲೂ ಗೊತ್ತಾಯಿತು. ಮನೆಯಲ್ಲಿ ಗೋಡೆಯಾಚೆಯಿಂದ ಮೇಷ್ಟ್ರು, ಶಾಲೆಯಲ್ಲಿ ಒಲೆಯ ಮುಂದೆ ಜಯಮ್ಮ.

ನಮ್ಮ ಈ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚಿಲ್ಲದ ಊರಿಲ್ಲ. ಗದ್ದೆ ಮಾಡುವವನು, ಡೈರಿಗೆ ಹಾಲು ಹಾಕುವವನು, ಬಸ್ ಕಂಡಕ್ಟರು, ಎಲ್ಲರಿಗೂ ಜನ್ಮದಲ್ಲೊಂದು ಸಲ ಕಿರೀಟ ಇಟ್ಟುಕೊಂಡು ಹಾಡಬೇಕು. ಹತ್ತಾರು ಜನ ಸೇರಿ ಒಬ್ಬ ಮೇಷ್ಟ್ರನ್ನು ಕರೆಸುತ್ತಾರೆ. ಅವರು ಎರಡು ಮೂರು ತಿಂಗಳು ಆ ಊರಲ್ಲೇ ಉಳಿದು, ಸಂಜೆ ಹೊತ್ತು ಹಾಡು, ಮಾತು ಕಲಿಸಿ, ನಾಟಕ ಆಡಿಸಿ, ಮುಂದಿನ ಊರಿಗೆ ಹೋಗುತ್ತಾರೆ. ನಮ್ಮ ಮೇಷ್ಟ್ರು ವರ್ಷದ ಬಹುಭಾಗ ಹೀಗೆ ಊರೂರ ಮೇಲೆಯೇ. ಮನೆಗೆ ಬರುತ್ತಿದ್ದದ್ದು ಬಟ್ಟೆ ಒಗೆಸಿಕೊಳ್ಳಲು ಮತ್ತು ಬೆಳಿಗ್ಗೆ ಆ ಒಂದು ಸ್ವರ ಹಿಡಿಯಲು.

ಉದ್ದಕ್ಕೆ, ತೆಳ್ಳಗೆ ಇದ್ದರು. ತೋಳು ಮಡಚಿದ ಬಿಳಿ ಷರಟು, ದವಡೆಯಲ್ಲಿ ಎಲೆಯಡಿಕೆ. ಬಲಗೈ ಬೆರಳುಗಳಿಗೆ ಬಿಡುವೆಂಬುದಿಲ್ಲ. ಟೀ ಅಂಗಡಿಯ ಬೆಂಚು, ಬಸ್ಸಿನ ಕಂಬಿ, ನಮ್ಮ ಕಾಂಪೌಂಡು, ಏನು ಸಿಕ್ಕಿದರೂ ಅದರ ಮೇಲೆ ನುಡಿಸುತ್ತಿದ್ದರು. ಎದುರಿಗೆ ನಿಂತು ಮಾತಾಡಿದರೆ ಅವರು ಕೇಳುತ್ತಿದ್ದದ್ದು ಮಾತನ್ನಲ್ಲ, ದನಿಯನ್ನು. ಒಮ್ಮೆ ನಾನು ನೆಗಡಿಯಲ್ಲಿ ಏನೋ ಕೇಳಿದೆ. ಅವರು ಉತ್ತರ ಕೊಡದೆ, “ಮೇಡಮ್ಮೋರೆ, ಇವತ್ತು ನಿಮ್ ದನಿ ಅರ್ಧ ಮನೆ ಕೆಳಕ್ಕಿಳ್ದದೆ. ಕಷಾಯ ಕುಡೀರಿ” ಎಂದು ಹೋಗಿಬಿಟ್ಟರು. ಹಾರ್ಮೋನಿಯಂನ ಒಂದೊಂದು ಕೀಗೂ ಅವರು ಮನೆ ಎನ್ನುತ್ತಿದ್ದರು.

ಕಲಿಸುವಾಗ ಅವರಿಗೆ ದಾಕ್ಷಿಣ್ಯ ಇರಲಿಲ್ಲ. ಕೆ.ಆರ್. ಪೇಟೆ ಕಡೆಯ ಒಂದೂರಿನಲ್ಲಿ ರೋಡ್ ಕಂಟ್ರಾಕ್ಟರೊಬ್ಬರು ರಾಜನ ಪಾರ್ಟು ಕೇಳಿದರಂತೆ. ಇಡೀ ನಾಟಕದ ಖರ್ಚು ಅವರದೇ. ಮೇಷ್ಟ್ರು ಒಂದು ವಾರ ಹಾಡಿಸಿ ನೋಡಿ, ಎಲ್ಲರ ಎದುರಿಗೆ, “ನಿಂಗೆ ಶ್ರುತಿ ಸೇರಾಕಿಲ್ಲ ಕಣಪ್ಪ. ಮಾತ್ನಲ್ಲಿ ರಾಜ ಆಗು, ಹಾಡೋದ್ ಬ್ಯಾಡ” ಅಂದರು. ಕಂಟ್ರಾಕ್ಟರು ಮೇಷ್ಟ್ರನ್ನು ಅವತ್ತೇ ಊರು ಬಿಡಿಸಿದರು. ಜಯಮ್ಮ ಇದನ್ನು ನನಗೆ ಹೇಳುವಾಗ ಬೈಯುತ್ತಲೇ ಇದ್ದರು. ಆದರೆ ಆ ಬೈಗುಳದೊಳಗೆ ಒಂದಿಷ್ಟು ಹೆಮ್ಮೆ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಅವರಿಗೆ ಒಬ್ಬಳೇ ಮಗಳು, ಸವಿತಾ. ನಾನು ಬಂದಾಗ ಕಾಲೇಜು ಮುಗಿಸಿ ತಾಲ್ಲೂಕು ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮಾತು ಕಡಿಮೆ, ಅಚ್ಚುಕಟ್ಟಿನ ಹುಡುಗಿ. ಅಪ್ಪ ಮನೆಯಲ್ಲಿದ್ದಾಗ ಅವಳೇ ಷರಟುಗಳಿಗೆ ಇಸ್ತ್ರಿ ಮಾಡಿ ಬ್ಯಾಗಿಗೆ ಇಡುತ್ತಿದ್ದಳು. ಬಾಗಿಲಲ್ಲಿ ನಿಂತು, “ಯಾವಾಗ್ ಬರ್ತೀಯಪ್ಪ?” ಅಂತ ಕೇಳುವುದು ನನಗೆ ಕೇಳಿಸುತ್ತಿತ್ತು. ಮೇಷ್ಟ್ರು ಯಾವತ್ತೂ ಒಂದು ದಿನ ಹೇಳುತ್ತಿದ್ದರು. ಆ ದಿನ ಬರುತ್ತಿರಲಿಲ್ಲ.

ಒಂದು ಭಾನುವಾರ ಸವಿತಾಳನ್ನು ನೋಡಲು ಮೇಲುಕೋಟೆ ಕಡೆಯ ಗಂಡಿನವರು ಬರುವುದೆಂದು ನಿಶ್ಚಯವಾಯಿತು. ಹುಡುಗ ಝೆರಾಕ್ಸ್ ಅಂಗಡಿಗೆ ಬಂದು ಹೋಗುತ್ತಿದ್ದವನೇ. ಇಬ್ಬರಿಗೂ ಮನಸ್ಸಿತ್ತು, ಅವರೇ ಮನೆಯವರನ್ನು ಒಪ್ಪಿಸಿಕೊಂಡಿದ್ದರು. ಮೇಷ್ಟ್ರು ಆಗ ಕೆ.ಆರ್. ಪೇಟೆ ಹತ್ತಿರ ನಾಟಕ ಕಲಿಸುತ್ತಿದ್ದರು. ಬೆಳಗಿನ ಮೊದಲ ಬಸ್ಸು ಹತ್ತಿದ್ದೇನೆ ಎಂದು ಫೋನ್ ಮಾಡಿದರು. ನಾನೂ ಹೋಗಿ ಕೇಸರಿಬಾತಿಗೆ ಗೋಡಂಬಿ ಹುರಿದುಕೊಟ್ಟೆ. ಗಂಡಿನವರು ಬಂದರು, ಕೂತರು, ಹುಡುಗಿಯನ್ನು ನೋಡಿದರು. ಮೇಷ್ಟ್ರಿಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಹುಡುಗನ ದೊಡ್ಡಪ್ಪ ತಟ್ಟೆ ಕೆಳಗಿಟ್ಟು, “ಉಡ್ಗೀಗೆ ಅಪ್ಪ ಅವ್ರೋ ಇಲ್ವೋ?” ಅಂದ.

“ಅವ್ರೆ. ಬಸ್ಸಲ್ಲವ್ರೆ” ಎಂದರು ಜಯಮ್ಮ.

ಮಧ್ಯಾಹ್ನದವರೆಗೆ ಕಾದು ಅವರು ಎದ್ದರು. ಮೇಷ್ಟ್ರು ಬಂದದ್ದು ಸಂಜೆ, ಕಲ್ಲಿನ ಪುಡಿ ಮೆತ್ತಿದ್ದ ಒಂದು ಟ್ರಾಕ್ಟರಿನಲ್ಲಿ. ಜೊತೆಗೆ ಡ್ರೈವರು, ಇಪ್ಪತ್ತೈದು ದಾಟಿದ, ಗಿಡ್ಡನೆಯ ಗಟ್ಟಿಮುಟ್ಟಾದ ಆಳು. ಮೇಷ್ಟ್ರ ಮುಖ ಬೆಳಗುತ್ತಿತ್ತು. “ಜಯಾ, ಇವ್ನು ರಫೀಕ. ಚಿನಕುರಳಿ ಹತ್ರ ಬಸ್ ನಿಂತಿತ್ತು. ಇವ್ನು ರೋಡ್ ಪಕ್ಕ ಟ್ರಾಕ್ಟರ್ ಚಕ್ರ ಬಿಚ್ಕಂಡು ಹಾಡ್ಕತಾವ್ನೆ. ಎಂಥಾ ಗಂಟ್ಲು ಅಂತೀಯೇ! ನಂಗೆ ಕೂರಾಕೇ ಆಗ್ಲಿಲ್ಲ, ಇಳ್ದ್ಬುಟ್ಟೆ.” ಹೇಳುತ್ತಾ ಹೇಳುತ್ತಾ ಅವರ ಕಣ್ಣು ಮೂಲೆಯಲ್ಲಿ ಮಡಚಿಟ್ಟಿದ್ದ ಜಮಖಾನದ ಮೇಲೆ ಬಿತ್ತು. ಪಕ್ಕದಲ್ಲಿ ಎಂಜಲು ತಟ್ಟೆಗಳಿದ್ದವು. ಮಾತು ಅಲ್ಲಿಗೇ ನಿಂತಿತು. ರಫೀಕನಿಗೆ ಏನೋ ಆಗಬಾರದ್ದು ಆಗಿದೆ ಎಂದು ಗೊತ್ತಾಗಿ, “ನಾ ಆಮೇಲ್ ಬತ್ತೀನಿ ಉಸ್ತಾದ್” ಎಂದು ಹಿಂದೆ ಸರಿದ. ಜಯಮ್ಮ ಅವನನ್ನು ಹೋಗಗೊಡಲಿಲ್ಲ. ಅವನ ಮುಂದೆ ಒಂದು ತಟ್ಟೆ ಕೇಸರಿಬಾತು ಇಟ್ಟು, ಗಂಡನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ಗಂಡಿನವರಿಂದ ಆಮೇಲೆ ಸುದ್ದಿ ಬಂತು. ಅಪ್ಪನೇ ನಿಲ್ಲದ ಮನೆಯ ಸಂಬಂಧ ಬೇಡ ಎಂದು ಹಿರಿಯರು ಅಂದಿದ್ದರು. ಹುಡುಗ ಹಿರಿಯರನ್ನು ಮೀರುವಷ್ಟು ಗಟ್ಟಿ ಇರಲಿಲ್ಲ. ಝೆರಾಕ್ಸ್ ಅಂಗಡಿಗೆ ಬರುವುದನ್ನೂ ಬಿಟ್ಟ. ಸವಿತಾ ಅಳಲಿಲ್ಲ, ಜಗಳ ಆಡಲಿಲ್ಲ. ಅಪ್ಪನನ್ನು ‘ಅಪ್ಪ’ ಎನ್ನುವುದನ್ನು ಮಾತ್ರ ನಿಲ್ಲಿಸಿದಳು. ಬೀದಿಯವರೆಲ್ಲ ಕರೆಯುವ ಹಾಗೆ, “ಅಮ್ಮ, ಮೇಷ್ಟ್ರಿಗೆ ಊಟಕ್ಕಿಡ್ಬೇಕಂತೆ” ಎನ್ನತೊಡಗಿದಳು. ಮೊದಲ ಸಲ ಅದನ್ನು ಕೇಳಿದಾಗ ಮೇಷ್ಟ್ರು ತಮಾಷೆಯೆಂದು ನಕ್ಕರಂತೆ. ಎರಡನೆಯ ಸಲ ನಗಲಿಲ್ಲವಂತೆ.

ಆ ವಾರವೇ ಅವರು ಹಾರ್ಮೋನಿಯಂ ಅನ್ನು ಪೆಟ್ಟಿಗೆಗಿಟ್ಟು, ಹಳೆಯ ಪಂಚೆ ಸುತ್ತಿ ಅಟ್ಟಕ್ಕೆ ಏರಿಸಿದರು. ಸಂಬಂಧಿಕರೊಬ್ಬರ ಸಿಮೆಂಟ್ ಅಂಗಡಿಯಲ್ಲಿ ಕೂರುವ ಕೆಲಸ ಹಿಡಿದರು. ಊರುಗಳಿಂದ ಜನ ಬಂದು ಕರೆದರೆ, “ಬುಟ್ಬುಟ್ಟೆ ಕಣ್ರಪ್ಪ” ಎಂದು ಕೈ ಮುಗಿಯುತ್ತಿದ್ದರು. ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬರುವರು. ಜಯಮ್ಮ ಹೇಳಿದ್ದಕ್ಕೆಲ್ಲ ಹೂಂ ಅನ್ನುವರು, ತರಕಾರಿ ತರುವರು, ನಲ್ಲಿಯ ನೀರು ಹಿಡಿಯುವರು. ಬೆಳಿಗ್ಗೆ ಗೋಡೆಯಾಚೆ ಸದ್ದಿಲ್ಲ. ನಾನು ಹಾಲು ಒಲೆಯ ಮೇಲಿಟ್ಟು ಮರೆಯತೊಡಗಿದ್ದು ಆಗಲೇ. ಹೆಚ್ಚುಕಡಿಮೆ ಒಂದು ವರ್ಷ ಹೀಗೇ ನಡೆಯಿತು. ಮೇಷ್ಟ್ರು ಕಣ್ಣೆದುರೇ ಕುಗ್ಗಿದರು. ಬೆರಳುಗಳು ಸುಮ್ಮನಾದವು. ಅಂಗಡಿಯಲ್ಲಿ ಗಿರಾಕಿಗಳು ಎರಡು ಸಲ ಕೂಗಿದರೆ ತಲೆ ಎತ್ತುತ್ತಿದ್ದರಂತೆ.

ಒಂದು ದಿನ ಶಾಲೆಯಲ್ಲಿ ಹುರುಳಿಕಾಯಿ ಮುರಿಯುತ್ತಾ ಜಯಮ್ಮ ಹೇಳಿದರು: “ಮೊದ್ಲು ಊರ್ ಮ್ಯಾಲಿದ್ರೂ ಎಲ್ಲವ್ರೆ ಅಂತ ನಂಗೆ ಗೊತ್ತಿರ್ತಿತ್ತು ಮೇಡಮ್ಮೋರೆ. ಇಂಥಾ ಊರ್ನಲ್ಲಿ, ಪೆಟ್ಗೆ ಮುಂದೆ ಕುಂತವ್ರೆ ಅಂತ. ಈಗ ಎದುರ್ಗೇ ಕುಂತಿರ್ತಾರೆ, ಎಲ್ಲವ್ರೆ ಅಂತ ಗೊತ್ತಾಗಾಕಿಲ್ಲ.”

ಅವತ್ತು ಮನೆಗೆ ಹೋಗಿ ಸ್ಟೂಲು ಹಾಕಿಕೊಂಡು ಪೆಟ್ಟಿಗೆ ಇಳಿಸಿದವರು ಅವರೇ. ಗೋಡೆಯಾಚೆಯಿಂದ ನನಗೆ ಎಲ್ಲ ಕೇಳಿಸಿತು. “ತಕ್ಕಳಿ, ನುಡಿಸ್ರಿ. ನಿಮ್ ಮಕ ನೋಡಾಕಾಗ್ತಿಲ್ಲ ನನ್ ಕೈಲಿ.” ಸವಿತಾಳ ದನಿ ಕೇಳಿಸಿತು. ಅವಳು ಕೂಗಲಿಲ್ಲ. “ಒಂದ್ ವರ್ಷನೂ ಆಗ್ಲಿಲ್ವಲ್ಲಮ್ಮ. ನನಗಿಂತ ಅದೇ ಹೆಚ್ಚಾಯ್ತಾ ನಿನಗೂ?” ಎಂದಳು. ಅವತ್ತು ಹಾರ್ಮೋನಿಯಂ ನುಡಿಯಲಿಲ್ಲ.

ಆದರೆ ಸ್ವಲ್ಪ ದಿನಕ್ಕೆ ಮೇಷ್ಟ್ರು ಮತ್ತೆ ಊರು ಸುತ್ತಲು ಶುರು ಮಾಡಿದರು. ಸವಿತಾಳಿಗೆ ಆಮೇಲೆ ಶ್ರೀರಂಗಪಟ್ಟಣದಲ್ಲಿ ಬೇಕರಿ ಇಟ್ಟಿರುವ ಹುಡುಗನೊಂದಿಗೆ ಮದುವೆಯಾಯಿತು. ಒಳ್ಳೆಯವನು, ಜಯಮ್ಮನೇ ಹುಡುಕಿದ್ದು. ಆ ಮದುವೆಯ ದಿನಗಳಲ್ಲಿ ಮೇಷ್ಟ್ರು ಛತ್ರ ಬಿಟ್ಟು ಕದಲಲಿಲ್ಲ. ಬಂದವರನ್ನೆಲ್ಲ ಕೈಹಿಡಿದು ಕೂರಿಸಿದರು. ಧಾರೆಯ ಹೊತ್ತಿಗೆ ಓಲಗದವರ ಶ್ರುತಿ ಎಲ್ಲೋ ಜಾರಿತು. ನನಗೆ ಅದು ಗೊತ್ತಾದದ್ದು ಮೇಷ್ಟ್ರ ಮುಖ ನೋಡಿ. ಮಗಳ ಕೈ ಕೆಳಗೆ ಕೈಯಿಟ್ಟು ನಿಂತಿದ್ದ ಅವರು ಒಂದು ಕ್ಷಣ ಓಲಗದ ಕಡೆ ಕತ್ತು ಹೊರಳಿಸಿದರು. ಕೂಡಲೇ ತಿರುಗಿಸಿಕೊಂಡರು. ಸವಿತಾ ಅದನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸೋತವರ ಕಣ್ಣು ಹಾಗಿರುತ್ತದೆ.

ಎರಡು ವರ್ಷದ ಹಿಂದೆ ನಾಗಮಂಗಲದ ಆಚೆ ಒಂದು ಹಳ್ಳಿಯಲ್ಲಿ ಹಾಡು ಹೇಳಿಕೊಡುತ್ತಿದ್ದ ಹಾಗೆಯೇ ಅವರ ಎಡಗೈ ಜಾರಿತು. ಲಕ್ವ. ನಾಟಕದವರೇ ಕಾರು ಮಾಡಿಕೊಂಡು ಆಸ್ಪತ್ರೆಗೆ, ಅಲ್ಲಿಂದ ಮನೆಗೆ ತಂದುಬಿಟ್ಟರು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಾತು ತೊದಲಿತು. ಸವಿತಾ ಹಸುಗೂಸನ್ನು ಎತ್ತಿಕೊಂಡು ಬಂದು ತಿಂಗಳೊಪ್ಪತ್ತು ಇದ್ದಳು. ಅವರಿಗೆ ಗಂಜಿ ಕುಡಿಸಿದಳು, ಬಾಯಿ ಒರೆಸಿದಳು, ಮೈ ತೊಳೆದಳು. ಯಾವ ಕೆಲಸಕ್ಕೂ ಮುಖ ಸಿಂಡರಿಸಲಿಲ್ಲ. “ಮೇಷ್ಟ್ರೆ, ಬಾಯ್ ತೆಗೀರಿ” ಎನ್ನುವಳು. ಅವರು ತೆರೆಯುವರು. ಅಷ್ಟು ಅಕ್ಕರೆಯಿಂದ ನೋಡಿಕೊಂಡೂ ‘ಅಪ್ಪ’ ಎಂಬ ಆ ಒಂದು ಮಾತನ್ನು ಹೇಗೆ ಹಿಡಿದಿಟ್ಟುಕೊಂಡಳೋ ನನಗೆ ತಿಳಿಯದು. ಮೇಷ್ಟ್ರೂ ಕೇಳಲಿಲ್ಲ.

ಬಲಗೈ ಚೆನ್ನಾಗಿಯೇ ಇತ್ತು. ಆದರೆ ಹಾರ್ಮೋನಿಯಂಗೆ ಎರಡು ಕೈ ಬೇಕು. ಬಲಗೈ ಮನೆಗಳ ಮೇಲೆ ಓಡಿದರೆ ಎಡಗೈ ಹಿಂದಿನ ತಿದಿ ಒತ್ತುತ್ತಾ ಗಾಳಿ ಕೊಡಬೇಕು. ಸವಿತಾ ತನ್ನ ಮನೆಗೆ ಹೋದ ಮೇಲೆ ಒಂದು ಭಾನುವಾರ ಜಯಮ್ಮ ಪೆಟ್ಟಿಗೆಯನ್ನು ಗಂಡನ ಮುಂದಿಟ್ಟು, ತಾವು ಎದುರಿಗೆ ಕೂತು ತಿದಿ ಒತ್ತಿದರು. ನಾನು ಹಪ್ಪಳ ಒಣಗಹಾಕಲು ಹೊರಗೆ ಬಂದವಳು ಅವರ ಬಾಗಿಲಲ್ಲೇ ನಿಂತುಬಿಟ್ಟೆ. ಜಯಮ್ಮ ಒಲೆಗೆ ಗಾಳಿ ಹಾಕುವ ಹಾಗೆ ಒತ್ತುತ್ತಿದ್ದರು, ಒಮ್ಮೆ ಜೋರು, ಒಮ್ಮೆ ಇಲ್ಲವೇ ಇಲ್ಲ. ಸ್ವರ ಉಬ್ಬಸ ಬಂದವರಂತೆ ಏಳುತ್ತಿತ್ತು, ಬೀಳುತ್ತಿತ್ತು. ಅರ್ಧ ಶ್ರುತಿ ತಪ್ಪಿದರೆ ಕಂಟ್ರಾಕ್ಟರನನ್ನೂ ಬಿಡದಿದ್ದ ಮನುಷ್ಯ ಸುಮ್ಮನೆ ನುಡಿಸುತ್ತಾ ಕೂತಿದ್ದರು.

“ಸರೀಗ್ ಒತ್ತಾಕ್ ಬರಾಕಿಲ್ಲ ನಂಗೆ” ಎಂದರು ಜಯಮ್ಮ.

ಮೇಷ್ಟ್ರು ತೊದಲುತ್ತಾ, “ಒತ್ತು” ಎಂದರು. ಸ್ವಲ್ಪ ತಡೆದು, “ಬರ್ತದೆ” ಎಂದರು.

ಬರಲಿಲ್ಲ. ಕೊನೆಯವರೆಗೂ ಜಯಮ್ಮನಿಗೆ ಅದು ಸರಿಯಾಗಿ ಬರಲೇ ಇಲ್ಲ. ರಫೀಕ ಬಿಡುವಿದ್ದಾಗ ಚಿನಕುರಳಿಯಿಂದ ಬಂದು ತಿದಿ ಒತ್ತುತ್ತಿದ್ದ. ಅಷ್ಟು ಹೊತ್ತಿಗೆ ಅವನು ಮೇಷ್ಟ್ರ ಹತ್ತಿರವೇ ಕಲಿತು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದ ಹಾಡುಗಾರ. ಅವನು ಒತ್ತಿದಾಗ ಮೇಷ್ಟ್ರ ನುಡಿಸಾಣಿಕೆ ಮೊದಲಿನ ಹಾಗೇ ಕೇಳಿಸುತ್ತಿತ್ತು. ಮನೆಯಲ್ಲಿ ಜಯಮ್ಮ ಇದ್ದರೆ ಮಾತ್ರ ಮೇಷ್ಟ್ರು ಅವನಿಗೆ ಹಾಡು ಎಂದು ಸನ್ನೆ ಮಾಡಿ, ತಿದಿಯ ಕಡೆಗೆ ಜಯಮ್ಮನನ್ನೇ ಕರೆಯುತ್ತಿದ್ದರು.

ಅವರು ಹೋದದ್ದು ಮಧ್ಯಾಹ್ನ. ಮಕ್ಕಳನ್ನು ಸಾಲಾಗಿ ಕೂರಿಸಿ ಊಟ ಬಡಿಸುತ್ತಿದ್ದೆವು. ರಫೀಕ ಶಾಲೆಯ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ಜಯಮ್ಮ ಅವನನ್ನು ನೋಡಿದರು. ಸೌಟನ್ನು ಸಾಂಬಾರಿನ ಪಾತ್ರೆಗೆ ಇಟ್ಟು, ಜೊತೆಯ ಅಡುಗೆಯಾಕೆಗೆ, “ಎರಡ್ನೇ ಕ್ಲಾಸ್ನೋರ್ಗೆ ಇನ್ನೂ ಮೊಟ್ಟೆ ಕೊಟ್ಟಿಲ್ಲ, ಕೊಟ್ಬುಡು” ಎಂದರು. ಸೆರಗಿಗೆ ಕೈ ಒರೆಸಿಕೊಂಡು ನಡೆದರು, ನಾನೂ ಜೊತೆಗೆ ಹೋದೆ. ಅರ್ಧ ದಾರಿಯಲ್ಲಿ ನನ್ನ ಭುಜ ಹಿಡಿದುಕೊಂಡರು.

ತಿಥಿಯ ದಿನ ಎಲ್ಲೆಲ್ಲಿಂದಲೋ ಜನ ಬಂದರು. ಬೀದಿಯುದ್ದಕ್ಕೂ ಬೈಕು, ಆಟೋ. ಪ್ರತಿಯೊಬ್ಬರೂ ಮೇಷ್ಟ್ರು ತಮ್ಮ ಮನೆಯವರೇ ಆಗಿದ್ದರೆಂಬಂತೆ ಮಾತಾಡುತ್ತಿದ್ದರು. ಒಬ್ಬರು ಅವರಿಗೆ ಬಸ್ಸಾರು ಮುದ್ದೆ ಎಷ್ಟು ಇಷ್ಟವಿತ್ತೆಂದು ಹೇಳಿದರು. ಇನ್ನೊಬ್ಬರು ಅವರು ಕಂಡಕ್ಟರೊಬ್ಬನ ನಡಿಗೆಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದದ್ದನ್ನು ಎದ್ದು ನಿಂತು ಮಾಡಿ ತೋರಿಸಿದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ನೀರಿನ ಲೋಟ ಹಂಚುತ್ತಿದ್ದ ಸವಿತಾ ಅಲ್ಲೇ ನಿಂತಳು.

“ಅವ್ರು ನಗಿಸ್ತಿದ್ರಾ?” ಎಂದು ಕೇಳಿದಳು.

“ಅಯ್ಯೋ, ಒಟ್ಟೆ ಉಣ್ಣಾಗಂಗೆ ಕಣವ್ವ” ಎಂದರು ಹೊಸಹೊಳಲು ಕಡೆಯ ಒಬ್ಬ ವಯಸ್ಸಾದ ರೈತರು. “ಆದ್ರೆ ಒಂಬತ್ತ್ ಗಂಟೆ ಆಯ್ತಿದ್ದಂಗೆ ಪೆಟ್ಗೆ ಮುಚ್ಬುಡೋರು. ನಾವು ಇನ್ನೊಂದ್ ಆಡು ಏಳ್ಕೊಡಿ ಮೇಷ್ಟ್ರೆ ಅಂದ್ರೆ ಬೈಯೋರು. ಓಗ್ರುಲಾ ಅಟ್ಟೀಗೆ, ಮಕ್ಳು ಮಲೀಕಬುಡ್ತವೆ, ಅವು ಎದ್ದಿರೋವಾಗ ಮಕ ತೋರ್ಸ್ರಿ ಅನ್ನೋರು. ಎಲ್ಲಾ ಊರ್ನಲ್ಲೂ ಇದೇಯ, ಬೇಕಾದ್ರೆ ಕೇಳಿ.”

ಅಲ್ಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಬಾಗಿಲಿಗೊರಗಿ ಕೂತಿದ್ದ ಜಯಮ್ಮ ತಲೆ ಎತ್ತಿ, “ನಿಮ್ನೆಲ್ಲ ಮನೇಗ್ ಕಳಿಸ್ಬುಟ್ಟು ಅವ್ರೇನ್ ಮಾಡ್ತಿದ್ರು?” ಎಂದರು.

ರಫೀಕ ಹೇಳಿದ: “ಗುಡಿ ಜಗ್ಲಿ ಮ್ಯಾಲೆ ಒಬ್ರೇ ಕುಂತ್ಕಂಡು ನುಡಿಸ್ಕತಿದ್ರು ಅಕ್ಕ. ನಾವು ಮನೇಲಿ ಉಣ್ತಾ ಕೇಳಿಸ್ಕತಿದ್ವಿ.”

“ಏನ್ ನುಡಿಸ್ತಿದ್ರು?” ಸವಿತಾ ಕೇಳಿದಳು.

“ನಾಟ್ಕದ್ದಲ್ಲ. ಅವ್ರೇ ಕಟ್ಟಿದ್ದು. ಯಾರ್ಗೂ ಕಲಿಸ್ಲಿಲ್ಲ. ನಾನ್ ಕೇಳ್ದೆ ಒಂದ್ಸಲ. ಇದು ನಿಮ್ಗಲ್ಲ ಕಣೋ ಅಂದ್ರು.”

“ನಿಂಗೆ ಬರುತ್ತಾ ಅದು?”

ರಫೀಕ ಕಣ್ಣು ಮುಚ್ಚಿ ಗುನುಗಿದ. ಮೆಲ್ಲಗೆ ಮೇಲಕ್ಕೆ ಹೋಗಿ ಅಲ್ಲೇ ತೂಗಾಡುವ ಒಂದು ರಾಗ. ಎರಡು ಸಾಲಿನಷ್ಟು ಹಾಡಿ ತಡವರಿಸಿದ, ಮತ್ತೆ ಮೊದಲಿನಿಂದ ಹಿಡಿದ, ಅದೇ ಜಾಗದಲ್ಲಿ ನಿಂತ. “ಮುಂದುಕ್ ಬತ್ತಾಯಿಲ್ಲ ತಂಗಿ. ಮಾಫ್ ಮಾಡು” ಎಂದ. ಸವಿತಾ ಜಯಮ್ಮನ ಕಡೆ ನೋಡಿದಳು. ಜಯಮ್ಮ ಇಲ್ಲವೆಂದು ತಲೆಯಾಡಿಸಿದರು. ಮನೆಯಲ್ಲಿ ಅವರು ಅದನ್ನು ಎಂದೂ ನುಡಿಸಿರಲಿಲ್ಲ.

ಮೊನ್ನೆ ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುವಾಗ ಪಾಂಡವಪುರ ಬಸ್ ಸ್ಟ್ಯಾಂಡಿನಲ್ಲಿ ಸವಿತಾಳನ್ನು ಕಂಡೆ. ಕೆ.ಆರ್. ಪೇಟೆ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಳು. ಮೊದಲ ಕಣ್ಣಿಗೆ ಗುರುತೇ ಸಿಗಲಿಲ್ಲ, ಕೂದಲು ಕೆದರಿತ್ತು, ಊಟ ಮಾಡಿದ ಹಾಗಿರಲಿಲ್ಲ.

“ಯಾವ ಕಡೆಗಮ್ಮ?” ಎಂದೆ.

“ಹೊಸಹೊಳಲು ಹತ್ರ ಒಂದೂರು ಮಿಸ್. ಅಲ್ಲಿ ಒಬ್ಬ ಅಜ್ಜಿ ಇದ್ದಾರಂತೆ, ಗುಡಿ ಎದುರಿನ ಮನೆ. ಅವ್ರಿಗೆ ಆ ರಾಗ ಕೊನೆತನಕ ಗೊತ್ತಂತೆ.” ಅವಳ ಮಾತಿನಲ್ಲಿ ಆತುರವಿತ್ತು. “ಹೋದ ವಾರ ನಾಗಮಂಗಲದ ಕಡೆ ಹೋಗಿದ್ದೆ. ಅಲ್ಲಿ ಇನ್ನೊಂದ್ ಸಾಲು ಸಿಕ್ತು.”

“ಪಾಪು?”

“ಅಮ್ಮನ ಹತ್ರ ಬಿಟ್ಟಿದ್ದೀನಿ. ವಸಿ ಜ್ವರ ಬಂದಿದೆ, ಔಷಧಿ ಹಾಕಿದ್ದೀನಿ. ಸಂಜೆ ಹೊತ್ತಿಗೆ ಬಂದ್ಬಿಡ್ತೀನಿ ಮಿಸ್.”

ಬಸ್ಸು ಹೊರಟಿತು. ಅವಳು ದಾರಿಯ ಕಡೆ ಮುಖ ತಿರುಗಿಸಿಕೊಂಡಳು. ನಾನು ಮನೆಗೆ ಹೋಗದೆ ಸೀದಾ ಜಯಮ್ಮನ ಮನೆಗೆ ಹೋದೆ. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಮಗುವಿನ ಮೈ ಮುಟ್ಟಿ ನೋಡಿದೆ, ಬಿಸಿಯಿತ್ತು.

“ಸವಿತಾ ಸಿಕ್ಕಿದ್ಲಾ?” ಎಂದರು ಜಯಮ್ಮ.

“ಸಿಕ್ಕಿದ್ಲು. ಸಂಜೆಗೆ ಬರ್ತಾಳಂತೆ.”

ಜಯಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮತ್ತೆ ನಡೆಯತೊಡಗಿದರು.